ಅರ್ಜಿ ಕೇಳದ ಪ್ರಶ್ನೆ

ನಮ್ಮ ವಿಶ್ವವಿದ್ಯಾಲಯಗಳ ಸ್ನಾತಕೋತ್ತರ ಪ್ರವೇಶದ ಅರ್ಜಿ ಒಬ್ಬ ಮನುಷ್ಯನ ಬಗ್ಗೆ ಕೇಳಬಹುದಾದದ್ದನ್ನೆಲ್ಲ ಕೇಳುತ್ತದೆ. ಹೆಸರು, ತಂದೆ ತಾಯಿಯ ಹೆಸರು, ಜಾತಿ, ಪ್ರವರ್ಗ, ಕುಟುಂಬದ ವಾರ್ಷಿಕ ಆದಾಯ, ಆಧಾರ್ ಸಂಖ್ಯೆ, ಡಿಗ್ರಿಯ ಒಂದೊಂದು ಸೆಮಿಸ್ಟರಿನಲ್ಲೂ ಬಂದ ಅಂಕ, ಅದರಲ್ಲಿ ಐಚ್ಛಿಕ ವಿಷಯದ್ದೆಷ್ಟು, ಒಟ್ಟು ಎಷ್ಟು. ಎನ್‌ಸಿಸಿ ಇದ್ದರೆ ಅದರ ಪತ್ರ, ಕ್ರೀಡೆ ಇದ್ದರೆ ಅದರ ಪತ್ರ, ಕಲ್ಯಾಣ ಕರ್ನಾಟಕದವರಾದರೆ 371ಜೆ ಪ್ರಮಾಣಪತ್ರ. ಇಷ್ಟನ್ನೆಲ್ಲ ಕೇಳುವ ಅರ್ಜಿ ಒಂದನ್ನು ಮಾತ್ರ ಕೇಳುವುದಿಲ್ಲ: ಈ ವಿಷಯವನ್ನು ನೀನು ಯಾಕೆ ಓದಬೇಕು ಅಂತಿದ್ದೀಯ?

ಎಂ.ಎ., ಎಂ.ಎಸ್ಸಿ., ಎಂ.ಕಾಂ.ಗೆ ಹೊರಟವರನ್ನು ನಿಜವಾಗಿ ಕೇಳಬೇಕಾದ ಪ್ರಶ್ನೆ ಇದೇ ಅಲ್ಲವೇ? ಅಲ್ಲಿಯವರೆಗಿನ ಓದಿಗೆ ಯಾರೂ ಕಾರಣ ಹುಡುಕಿರುವುದಿಲ್ಲ. ಒಂದನೇ ಕ್ಲಾಸಿಗೆ ಅಪ್ಪನೋ ಅಮ್ಮನೋ ಕೈಹಿಡಿದು ಕರೆದುಕೊಂಡು ಹೋಗಿ ಬಿಟ್ಟಿದ್ದರು. ಎಸ್ಸೆಸ್ಸೆಲ್ಸಿ ಆದ ಮೇಲೆ ಪಿಯುಸಿ, ಪಿಯುಸಿ ಆದ ಮೇಲೆ ಡಿಗ್ರಿ. ಊರಿನ ಎಲ್ಲರೂ ಹೋಗುವ ದಾರಿ ಅದು. ಡಿಗ್ರಿಯ ಕೊನೆಯ ಪರೀಕ್ಷೆ ಬರೆದು ಬಂದ ದಿನ ಆ ದಾರಿ ಮುಗಿಯುತ್ತದೆ. ಮನೆಯವರ ಪಾಲಿಗೆ ಓದಿಸುವ ಕರ್ತವ್ಯ ಮುಗಿಯಿತು. ಇನ್ನೇನಿದ್ದರೂ ಕೆಲಸ, ಇಲ್ಲವೇ ಮದುವೆ. ಅದಕ್ಕೂ ಮುಂದೆ ಓದುತ್ತೇನೆ ಅನ್ನುವವನು, ಅನ್ನುವವಳು, ಬದುಕಿನಲ್ಲಿ ಮೊದಲ ಸಲ ಓದನ್ನು ತಾನಾಗಿ ಕೇಳುತ್ತಿರುತ್ತಾರೆ. ಹಾಗೆ ಕೇಳುವವರಿಗೆ ಕಾರಣವೊಂದು ಇರಲೇಬೇಕಲ್ಲ. ಅರ್ಜಿಗೆ ಅದರ ಗೊಡವೆ ಯಾಕಿಲ್ಲ?

ಇದು ನಮ್ಮ ವ್ಯವಸ್ಥೆಯ ಬರಡುತನ ಎಂದು ಬಹಳ ಕಾಲ ಅಂದುಕೊಂಡವರಲ್ಲಿ ನಾನೂ ಒಬ್ಬ. ಪ್ರವೇಶದ ಮೇಜಿನ ಹಿಂದೆ ಕೂತು ನೋಡುತ್ತ ನೋಡುತ್ತ ಈ ಮಾತು ಅಷ್ಟು ಸಲೀಸಲ್ಲ ಅನ್ನಿಸತೊಡಗಿತು.

ಕೌನ್ಸೆಲಿಂಗ್ ದಿನ ಯಾವುದೇ ವಿಭಾಗದ ಕಾರಿಡಾರನ್ನು ನೋಡಬೇಕು. ಗೋಡೆಗೆ ಅಂಟಿಸಿದ ಮೆರಿಟ್ ಲಿಸ್ಟಿನ ಮುಂದೆ ಗುಂಪು. ಬೆರಳುಗಳು ಮೇಲಿನಿಂದ ಕೆಳಕ್ಕೆ ಇಳಿಯುತ್ತ ಒಂದು ಸಾಲಿನಲ್ಲಿ ನಿಲ್ಲುತ್ತವೆ. ಪ್ರತಿಯೊಬ್ಬರ ಎದೆಗೂ ಒಂದು ಪ್ಲಾಸ್ಟಿಕ್ ಫೈಲು ಆನಿಕೊಂಡಿರುತ್ತದೆ. ಅದರೊಳಗೆ ಮೂಲ ಅಂಕಪಟ್ಟಿಗಳು, ಎರಡು ಸೆಟ್ ಜೆರಾಕ್ಸು, ಟಿ.ಸಿ., ಬೇರೆ ವಿಶ್ವವಿದ್ಯಾಲಯದಿಂದ ಬಂದವರಾದರೆ ಮೈಗ್ರೇಶನ್ ಸರ್ಟಿಫಿಕೇಟು, ನಾಡಕಚೇರಿಯಿಂದ ತಂದ ಜಾತಿ ಮತ್ತು ಆದಾಯದ ಪತ್ರ. 'ಆದಾಯ ಪತ್ರದ ಅವಧಿ ಮುಗಿದಿದೆಯಲ್ಲಮ್ಮ' ಎಂದು ಗುಮಾಸ್ತರು ಹೇಳಿದರೆ ಒಂದು ಮನೆಯ ಮುಖವೇ ಬಾಡುತ್ತದೆ. ಹೊರಗೆ ಬೆಂಚಿನ ಮೇಲೆ ಅಪ್ಪಂದಿರು. ಒಳಗೆ ಬರಬಹುದೋ ಬಾರದೋ ತಿಳಿಯದೆ ಬಾಗಿಲ ಬಳಿ ಚಪ್ಪಲಿ ಬಿಟ್ಟು ನಿಂತವರೂ ಉಂಟು.

ಅಂಥ ಒಂದು ದಿನ ಇತಿಹಾಸ ಎಂ.ಎ.ಗೆ ಬಂದ ಹುಡುಗಿಯೊಬ್ಬಳ ಕಾಗದ ನೋಡುತ್ತ, ಮೇಜಿನಲ್ಲಿದ್ದ ಹಿರಿಯರೊಬ್ಬರು ಅಕ್ಕರೆಯಿಂದಲೇ ಕೇಳಿದರು: 'ಇತಿಹಾಸವೇ ಯಾಕಮ್ಮ?' ಹುಡುಗಿ ತಲೆ ತಗ್ಗಿಸಿದಳು. ದುಪಟ್ಟಾದ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಕೊನೆಗೆ ಹಿಂದೆ ನಿಂತಿದ್ದ ಅಪ್ಪನೇ ಹೇಳಿದ: 'ಓದ್ತೀನಿ ಅಂತಾಳೆ ಸಾರ್, ಓದ್ಲಿ ಬುಡಿ.' ಅವಳ ಹಿಂದಿನ ಹುಡುಗ ಬಂದ. ಅದೇ ಪ್ರಶ್ನೆಗೆ ಅವನು ನಾಡಿನ ಪರಂಪರೆ, ಸಂಶೋಧನೆಯ ಅಗತ್ಯ, ಯುವಜನರ ಹೊಣೆ ಎಂದು ನಿಲ್ಲದೆ ಹೇಳಿದ. ಎಲ್ಲೋ ಓದಿ ಬಾಯಿಪಾಠ ಮಾಡಿಕೊಂಡು ಬಂದದ್ದು ಎಂದು ಕೇಳಿದವರಿಗೆಲ್ಲ ಗೊತ್ತಾಗುತ್ತಿತ್ತು; ಆದರೂ ಕೇಳಲು ಸೊಗಸಾಗಿತ್ತು. ಪಟ್ಟಿಯಲ್ಲಿ ಹುಡುಗಿಯ ಹೆಸರು ಮೇಲಿತ್ತು. ಅವಳಿಗೆ ಸೀಟು ಆಯಿತು, ಅವನಿಗೂ ಆಯಿತು. ಆದರೆ ಆ ಪ್ರಶ್ನೆಗೂ ಒಂದಿಷ್ಟು ಅಂಕ ಇಟ್ಟಿದ್ದರೆ, ಸೀಟು ಒಂದೇ ಉಳಿದಿದ್ದರೆ, ಯಾರು ಹೊರಗೆ ಉಳಿಯುತ್ತಿದ್ದರು ಎಂಬುದರಲ್ಲಿ ಅನುಮಾನವೇ ಇಲ್ಲ.

ಪ್ರಶ್ನೆ ಕೇಳದ ಅರ್ಜಿಯಲ್ಲಿ ಒಂದು ನ್ಯಾಯ ಅಡಗಿದೆ. ಆಸೆ ಇರುವುದು ಬೇರೆ, ಆಸೆಯನ್ನು ಮಾತಾಗಿಸುವುದು ಬೇರೆ. ಎರಡನೆಯದು ಮನೆಯಲ್ಲಿ ಪುಸ್ತಕ ಇದ್ದವರಿಗೆ, ಊಟದ ಹೊತ್ತಿನಲ್ಲಿ ಓದಿನ ಮಾತು ಕೇಳಿ ಬೆಳೆದವರಿಗೆ ಸುಲಭ. ಮನೆತನದಲ್ಲೇ ಮೊದಲು ಡಿಗ್ರಿ ಮಾಡಿದ ಹುಡುಗಿಗೆ ತನಗೇನು ಬೇಕು ಎಂದು ಅಪರಿಚಿತರ ಮುಂದೆ ಹೇಳುವ ಅಭ್ಯಾಸವೇ ಇರುವುದಿಲ್ಲ. ಬೇಕು ಅನ್ನುವುದನ್ನೇ ಅವಳಿಗೆ ಯಾರೂ ಕಲಿಸಿರುವುದಿಲ್ಲ. ಅಂಕವೂ ಮೀಸಲಾತಿಯ ರೋಸ್ಟರೂ ಅವಳ ಮಾತಿಗೆ ಕಾಯುವುದಿಲ್ಲ. ಹೆಸರು ಇದೆಯೇ, ಸರದಿ ಬಂತೇ, ಇಷ್ಟೇ.

ಕಾರಣ ಕೇಳುವ ವಿಶ್ವವಿದ್ಯಾಲಯಗಳು ಇಲ್ಲದಿಲ್ಲ. ಅಮೆರಿಕಕ್ಕೆ ಎಂ.ಎಸ್. ಮಾಡಲು ಹೊರಟ ನಮ್ಮ ಹುಡುಗರು ಮೊದಲು ಬರೆಯಬೇಕಾದದ್ದು ಸ್ಟೇಟ್‌ಮೆಂಟ್ ಆಫ್ ಪರ್ಪಸ್, ಎಲ್ಲರ ಬಾಯಲ್ಲಿ ಎಸ್‌ಒಪಿ. ನಾನು ಯಾರು, ಈ ವಿಷಯ ನನ್ನನ್ನು ಯಾಕೆ ಹಿಡಿಯಿತು, ನಿಮ್ಮಲ್ಲೇ ಯಾಕೆ ಓದಬೇಕು ಎಂದು ಒಂದೆರಡು ಪುಟ. ಒಬ್ಬ ವಿದ್ಯಾರ್ಥಿಯನ್ನು ಅಂಕಪಟ್ಟಿಯಾಚೆ ನೋಡಬೇಕೆಂಬ ಉದ್ದೇಶ ಒಳ್ಳೆಯದೇ. ಆಗಿರುವುದೇನು? ಬೆಂಗಳೂರಿನಲ್ಲಿ ಅದನ್ನು ಬರೆದುಕೊಡುವುದೇ ಒಂದು ಕಸುಬಾಗಿದೆ. ಬಾಲ್ಯದಲ್ಲಿ ರೇಡಿಯೊ ಬಿಚ್ಚಿ ನೋಡಿದ ಕುತೂಹಲಿ ಮಗು ಎಷ್ಟು ಎಸ್‌ಒಪಿಗಳಲ್ಲಿ ಬಂದುಹೋಗಿದೆಯೋ! ಶಿಫಾರಸು ಪತ್ರವನ್ನು ವಿದ್ಯಾರ್ಥಿಯೇ ಬರೆದು ತಂದು ಮೇಷ್ಟ್ರ ಸಹಿ ಹಾಕಿಸಿಕೊಳ್ಳುವುದು ಕಾಲೇಜುಗಳಲ್ಲಿ ಗುಟ್ಟಾಗಿಯೂ ಉಳಿದಿಲ್ಲ. ಈಗಂತೂ ಕಂಪ್ಯೂಟರು ಕೇಳಿದಷ್ಟು ಹೊತ್ತಿನಲ್ಲಿ ಬರೆದುಕೊಡುತ್ತದೆ.

ಅಷ್ಟಕ್ಕೇ ಮುಗಿಯುವುದಿಲ್ಲ. ವಿಶ್ವವಿದ್ಯಾಲಯಕ್ಕೆ ಹೇಳಿದ ಕಾರಣ ಜ್ಞಾನದ ಹಂಬಲ. ಶೈಕ್ಷಣಿಕ ಸಾಲಕ್ಕೆ ಬ್ಯಾಂಕಿಗೆ ಹೋದಾಗ ಹೇಳಬೇಕಾದ ಕಾರಣ ಮುಂದೆ ಬರುವ ಸಂಬಳ, ಅದರಲ್ಲಿ ಕಟ್ಟುವ ಕಂತು. ಸಾಲ ದೊಡ್ಡದಾದರೆ ಮನೆಪತ್ರವೂ ಜೊತೆಗೆ ಹೋಗಬೇಕು. ವಿದ್ಯಾರ್ಥಿ ವೀಸಾಕ್ಕೆ ಗಾಜಿನ ಕಿಟಕಿಯ ಮುಂದೆ ನಿಂತಾಗ ಮನವರಿಕೆ ಮಾಡಬೇಕಾದದ್ದು ಓದು ಮುಗಿದ ಮೇಲೆ ತಾನು ಊರಿಗೆ ಮರಳುತ್ತೇನೆ ಎಂಬುದನ್ನು. ಒಂದೇ ಹುಡುಗ, ಒಂದೇ ಓದು, ಮೂರು ಕಿಟಕಿಗೆ ಮೂರು ಉತ್ತರ. ಇವುಗಳಲ್ಲಿ ಸುಳ್ಳು ಯಾವುದು ಎಂದು ಹುಡುಕುವುದು ನನ್ನ ಉದ್ದೇಶವಲ್ಲ. ಬಹುಶಃ ಮೂರರಲ್ಲೂ ಸ್ವಲ್ಪ ಸ್ವಲ್ಪ ನಿಜವಿದೆ. ಆದರೆ ಬಾಗಿಲಲ್ಲಿ ನಿಂತು ಕೇಳಿದ ಪ್ರಶ್ನೆಗೆ ಸಿಗುವುದು ಬಾಗಿಲು ತೆರೆಸುವ ಉತ್ತರವೇ. ಒಳಗೆ ಹೋಗಬೇಕಾದವನು ಕೇಳುವವರ ಮನಸ್ಸಿನಲ್ಲಿ ಏನಿದೆ ಎಂದು ಊಹಿಸಿ ಅದನ್ನೇ ಹೇಳುತ್ತಾನೆ. ಹೇಳುತ್ತ ಹೇಳುತ್ತ, ತನ್ನ ನಿಜವಾದ ಕಾರಣ ಯಾವುದಿತ್ತು ಎಂಬುದು ಅವನಿಗೇ ಮರೆತುಹೋಗಬಹುದು.

ಪ್ರವೇಶದ ಬಾಗಿಲಲ್ಲಿ ಕೇಳುವ ಪ್ರಶ್ನೆಯ ಕಥೆ ಹಳೆಯದು. ಛಾಂದೋಗ್ಯ ಉಪನಿಷತ್ತಿನ ಸತ್ಯಕಾಮನದು ಒಂದು ರೀತಿಯಲ್ಲಿ ಅಡ್ಮಿಷನ್ನಿನ ಕಥೆಯೇ. ಗುರು ಗೌತಮರು ಕೇಳಿದ್ದು ಯಾಕೆ ಓದುತ್ತೀ ಎಂದಲ್ಲ. ಯಾವ ಗೋತ್ರ ಎಂದು. ಹುಡುಗ ಅಮ್ಮ ಹೇಳಿದ್ದನ್ನು ಹಾಗೆಯೇ ಒಪ್ಪಿಸಿದ: ಅನೇಕ ಕಡೆ ದುಡಿಯುತ್ತಿದ್ದ ಕಾಲದಲ್ಲಿ ನೀನು ಹುಟ್ಟಿದೆ, ಗೋತ್ರ ನನಗೆ ಗೊತ್ತಿಲ್ಲ, ನನ್ನ ಹೆಸರು ಜಬಾಲಾ, ಆದ್ದರಿಂದ ನೀನು ಸತ್ಯಕಾಮ ಜಾಬಾಲ. ಗುರು ಅವನನ್ನು ಸೇರಿಸಿಕೊಂಡರು. ಈ ಕಥೆಯನ್ನು ಸತ್ಯದ ಗೆಲುವು ಎಂದು ನಾವು ಹೇಳಿಕೊಂಡು ಬಂದಿದ್ದೇವೆ. ಆದರೆ ಗುರು ಕೊಟ್ಟ ಕಾರಣವನ್ನೂ ಗಮನಿಸಬೇಕು: ಇಷ್ಟು ನೇರವಾಗಿ ನಿಜ ಹೇಳುವವನು ಬ್ರಾಹ್ಮಣನಲ್ಲದೆ ಬೇರೆ ಯಾರೂ ಆಗಿರಲಾರ ಎಂದು. ಹುಡುಗ ಒಳಗೆ ಬಂದ, ಬಾಗಿಲು ಮಾತ್ರ ಅಷ್ಟೇ ಅಗಲ ಉಳಿಯಿತು. ಏಕಲವ್ಯನ ಮುಂದೆ ಅದು ತೆರೆಯಲೇ ಇಲ್ಲ.

ಇವತ್ತಿನ ಅರ್ಜಿಯಲ್ಲೂ ಜಾತಿಯ ಕಾಲಂ ಇದೆ. ಅದನ್ನು ತುಂಬುವಾಗ ಮುಜುಗರಪಡುವ ಮಕ್ಕಳನ್ನು ನೋಡಿದ್ದೇನೆ. ಸೈಬರ್ ಸೆಂಟರಿನಲ್ಲಿ ಪಕ್ಕದವನಿಗೆ ಕಾಣದ ಹಾಗೆ ಪರದೆಗೆ ಕೈ ಅಡ್ಡ ಹಿಡಿಯುತ್ತಾರೆ. ಆದರೆ ಎರಡು ಕಾಲದ ಪ್ರಶ್ನೆ ಒಂದೇ ಆದರೂ ಅದರ ಕೆಲಸ ತಿರುಗಿದೆ. ಅಂದು ಯಾವ ಪ್ರಶ್ನೆ ಬಾಗಿಲು ಮುಚ್ಚುತ್ತಿತ್ತೋ ಇಂದು ಅದೇ ಪ್ರಶ್ನೆಯ ಉತ್ತರವೇ, ಪ್ರವರ್ಗ 1 ಎಂದೋ 2ಎ ಎಂದೋ ಪರಿಶಿಷ್ಟ ಜಾತಿ, ಪಂಗಡ ಎಂದೋ, ಒಂದು ಸೀಟನ್ನು ಕಾದಿರಿಸುತ್ತದೆ. ನಿನ್ನ ಹಂಬಲವನ್ನು ರುಜುವಾತು ಮಾಡು ಎಂದು ಅದು ಕೇಳುವುದಿಲ್ಲ. ನಿನ್ನ ಹಿಂದಿನವರನ್ನು ಕೇಳದೆ ಹೊರಗಿಟ್ಟಿದ್ದೆವು, ಈಗ ನಿನ್ನನ್ನು ಕೇಳದೆ ಒಳಗೆ ಕರೆಯುತ್ತೇವೆ ಎನ್ನುತ್ತದೆ.

ಬಾಗಿಲು ಹತ್ತಿರ ಬಂದದ್ದೂ ಇದಕ್ಕೆ ಸೇರಿದ ಮಾತೇ. 1916ರವರೆಗೆ ಮೈಸೂರು ಸಂಸ್ಥಾನದ ಕಾಲೇಜುಗಳು ಮದ್ರಾಸು ವಿಶ್ವವಿದ್ಯಾಲಯದ ಕೆಳಗಿದ್ದವು. ಆ ವರ್ಷ ಮೈಸೂರು ವಿಶ್ವವಿದ್ಯಾಲಯ ಹುಟ್ಟಿತು. ಅಲ್ಲಿ 1929ರಲ್ಲಿ ಕನ್ನಡ ಎಂ.ಎ. ಮುಗಿಸಿದ ಕುವೆಂಪು 1956ರಲ್ಲಿ ಅದೇ ವಿಶ್ವವಿದ್ಯಾಲಯದ ಕುಲಪತಿಯಾದರು; ಸ್ನಾತಕೋತ್ತರ ಓದಿಗೆಂದೇ ಒಂದು ಆವರಣ ಬೇಕೆಂದು ಮಾನಸಗಂಗೋತ್ರಿಯನ್ನು ಕಟ್ಟಿಸಿದರು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ 1949ರದು, ಬೆಂಗಳೂರಿನದು 1964ರದು, ಮಂಗಳೂರು, ಕಲಬುರಗಿಗಳವು 1980ರವು, ಶಿವಮೊಗ್ಗ ಜಿಲ್ಲೆಯ ಕುವೆಂಪು ವಿಶ್ವವಿದ್ಯಾಲಯ 1987ರದು. ಆಮೇಲೆ ಹಾಸನದ ಹೇಮಗಂಗೋತ್ರಿ, ಮಂಡ್ಯದ ತೂಬಿನಕೆರೆಯಂಥ ಸ್ನಾತಕೋತ್ತರ ಕೇಂದ್ರಗಳು. ಬೆಳಿಗ್ಗೆ ಬಸ್ಸು ಹತ್ತಿ ಸಂಜೆ ಮನೆಗೆ ಮರಳುವಷ್ಟು ದೂರದಲ್ಲಿ ಒಂದು ಎಂ.ಎ. ಇದೆ ಎಂಬ ಒಂದೇ ಕಾರಣಕ್ಕೆ ಓದಿದ ಹೆಣ್ಣುಮಕ್ಕಳು ಎಷ್ಟು ಮಂದಿ! ಯಾಕೆ ಈ ವಿಷಯ ಎಂದು ಅವರನ್ನು ಕೇಳಿದರೆ 'ಹತ್ತಿರ ಇತ್ತು' ಎನ್ನುವುದೇ ಪ್ರಾಮಾಣಿಕ ಉತ್ತರ. ಅದೇನು ಸಣ್ಣ ಉತ್ತರವಲ್ಲ.

ಇಂಥ ಇನ್ನಷ್ಟು ಉತ್ತರಗಳಿವೆ, ಅರ್ಜಿಯಲ್ಲಿ ಕೇಳಿದ್ದರೂ ಯಾರೂ ಬರೆಯಲಾರದವು. ಕೆಲಸ ಸಿಗಲಿಲ್ಲ, ಮನೆಯಲ್ಲಿ ಸುಮ್ಮನೆ ಕೂರಲು ನಾಚಿಕೆ. ಹಾಸ್ಟೆಲ್ ಸಿಗುತ್ತದೆ, ಅಲ್ಲಿದ್ದುಕೊಂಡು ಪಿಎಸ್‌ಐ ಪರೀಕ್ಷೆಗೋ ಕೆಎಎಸ್‌ಗೋ ಓದಬಹುದು. ಗೆಳತಿ ಹಾಕಿದಳು, ನಾನೂ ಹಾಕಿದೆ. ಇಂಗ್ಲಿಷಿಗೆ ಹಾಕಿದ್ದೆ, ಕಟ್ಟಾಫ್ ತಪ್ಪಿತು, ಸಮಾಜಶಾಸ್ತ್ರ ಸಿಕ್ಕಿತು. ಎಲ್ಲಕ್ಕಿಂತ ಗಟ್ಟಿಯಾದದ್ದು, ಹುಡುಗಿಯರು ಒಬ್ಬರಿಗೊಬ್ಬರು ಮಾತ್ರ ಹೇಳಿಕೊಳ್ಳುವುದು: ಎಂ.ಎ. ಸೇರಿದರೆ ಮದುವೆ ಎರಡು ವರ್ಷ ಮುಂದಕ್ಕೆ ಹೋಗುತ್ತದೆ.

ಮೇಷ್ಟ್ರುಗಳು ಸ್ಟಾಫ್ ರೂಮಿನಲ್ಲಿ ಇವನ್ನೆಲ್ಲ ಹೇಳಿಕೊಂಡು ನಗುವುದುಂಟು: ವಿಷಯದ ಮೇಲೆ ಆಸಕ್ತಿಯೇ ಇಲ್ಲದವರು ಬಂದು ತುಂಬಿಕೊಂಡಿದ್ದಾರೆ ಎಂದು. ನನಗೆ ನಗು ಬರುವುದಿಲ್ಲ. ಮದುವೆಯನ್ನು ಎರಡು ವರ್ಷ ಮುಂದೂಡಲು ಗ್ರಂಥಾಲಯವೊಂದನ್ನು ಆರಿಸಿಕೊಂಡವಳಿಗಿಂತ ಓದಿನ ಬೆಲೆ ಬಲ್ಲವರು ಯಾರು? ಅವಳಿಗೆ ಬೇಕಾದದ್ದು, ಯಾರ ಮನೆಯ ಮಗಳೂ ಸೊಸೆಯೂ ಆಗಿರದೆ ತನ್ನ ಪಾಡಿಗೆ ತಾನು ಕೂತು ಯೋಚಿಸುವ ಒಂದಿಷ್ಟು ಕಾಲ. ವಿಶ್ವವಿದ್ಯಾಲಯ ಎನ್ನುವುದು ಮೂಲದಲ್ಲಿ ಕೊಡಬೇಕಾದದ್ದೂ ಅದನ್ನೇ. ಅವಳ ಕಾರಣ ವಿಷಯಕ್ಕೆ ಸಂಬಂಧಿಸಿದ್ದಲ್ಲ ಎಂಬುದು ನಿಜ. ಆದರೆ ಡಿಗ್ರಿಯಲ್ಲಿ ನೋಟ್ಸು ಬರೆದು, ಪ್ರಶ್ನೆಪತ್ರಿಕೆ ನೋಡಿ ಪಾಸಾದವಳಿಗೆ ವಿಷಯದ ರುಚಿ ಗೊತ್ತಾಗಿರುವುದಾದರೂ ಹೇಗೆ? ಗೊತ್ತಿಲ್ಲದ್ದರ ಮೇಲೆ ಪ್ರೀತಿ ಇದೆ ಎಂದು ಬರೆಸಿಕೊಳ್ಳುವುದು ಅವಳಿಗೆ ಸುಳ್ಳು ಕಲಿಸಿದ ಹಾಗೆ.

ಪ್ರಶ್ನೋಪನಿಷತ್ತಿನ ಆರಂಭ ಇಲ್ಲಿ ನೆನಪಾಗುತ್ತದೆ. ಆರು ಮಂದಿ ಜಿಜ್ಞಾಸುಗಳು ಕೈಯಲ್ಲಿ ಸಮಿತ್ತು ಹಿಡಿದು ಪಿಪ್ಪಲಾದ ಋಷಿಯ ಬಳಿ ಹೋಗುತ್ತಾರೆ. ಪಿಪ್ಪಲಾದರು ಅವರನ್ನು ಏನನ್ನೂ ಕೇಳುವುದಿಲ್ಲ. ಇನ್ನೊಂದು ವರ್ಷ ನೇಮದಿಂದ, ಶ್ರದ್ಧೆಯಿಂದ ಇಲ್ಲಿರಿ. ಆಮೇಲೆ ನಿಮಗೆ ಬೇಕಾದ ಪ್ರಶ್ನೆ ಕೇಳಿ. ನಮಗೆ ತಿಳಿದಿದ್ದರೆ ಎಲ್ಲವನ್ನೂ ಹೇಳುತ್ತೇವೆ ಎನ್ನುತ್ತಾರೆ. ಎರಡು ಸಂಗತಿಗಳು ಇಲ್ಲಿ ಎದ್ದು ಕಾಣುತ್ತವೆ. ಮೊದಲನೆಯದು, ಪ್ರಶ್ನೆ ಕೇಳುವ ಹಕ್ಕು ಬಂದವರದು, ಬಾಗಿಲು ಕಾಯುವವರದಲ್ಲ. ಎರಡನೆಯದು, ಆ ಪ್ರಶ್ನೆಗೂ ಒಂದು ವರ್ಷ ಬೇಕು. ವಾಸ ಮೊದಲು, ಪ್ರಶ್ನೆ ಆಮೇಲೆ. ಒಂದು ವರ್ಷ ಇದ್ದ ಮೇಲೆ ಹುಟ್ಟುವ ಪ್ರಶ್ನೆಯನ್ನು ಬಂದ ದಿನವೇ ಕೇಳಬೇಕೆಂದು ಪಿಪ್ಪಲಾದರು ಹಟ ಹಿಡಿದಿದ್ದರೆ ಆ ಉಪನಿಷತ್ತೇ ಇರುತ್ತಿರಲಿಲ್ಲ.

ಒಳಗೆ ಬಂದ ಮೇಲೆ ಪ್ರಶ್ನೆ ಹುಟ್ಟುವುದು ಹಳೆಯ ಕಥೆಗಳಲ್ಲಿ ಮಾತ್ರವಲ್ಲ. ಅಂಬೇಡ್ಕರ್ ಅವರು 1913ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದದ್ದು ಬರೋಡಾ ಮಹಾರಾಜರ ವಿದ್ಯಾರ್ಥಿವೇತನದ ಮೇಲೆ. ಓದಿ ಬಂದ ಮೇಲೆ ಹತ್ತು ವರ್ಷ ಸಂಸ್ಥಾನದ ಸೇವೆ ಮಾಡಬೇಕೆಂಬ ಕರಾರಿಗೆ ಅವರು ಸಹಿ ಹಾಕಿದ್ದರು. ಕಾಗದದ ಮೇಲಿದ್ದ ಉದ್ದೇಶ ಅಷ್ಟು. ಅಲ್ಲಿ ಅವರು ಮುಖ್ಯವಾಗಿ ಹಿಡಿದದ್ದು ಅರ್ಥಶಾಸ್ತ್ರ. ಆದರೆ 1916ರ ಮೇ ತಿಂಗಳಲ್ಲಿ, ಗೋಲ್ಡನ್‌ವೈಸರ್ ಎಂಬ ಮಾನವಶಾಸ್ತ್ರ ಪ್ರಾಧ್ಯಾಪಕರ ಸೆಮಿನಾರಿನಲ್ಲಿ ಅವರು ಓದಿದ ಪ್ರಬಂಧ ಭಾರತದಲ್ಲಿ ಜಾತಿಗಳು ಹೇಗೆ ಹುಟ್ಟಿದವು ಎಂಬುದರ ಮೇಲೆ. ಊರಿನಲ್ಲಿ ಉಂಡ ನೋವು ಅಲ್ಲಿ ಒಂದು ಪ್ರಶ್ನೆಯ ಆಕಾರ ಪಡೆಯಿತು. ಮರಳಿ ಬಂದಾಗ ಬರೋಡಾದಲ್ಲಿ ಅವರಿಗೆ ನೆಲೆಯಾಗಿ ಉಳಿಯಲು ಒಂದು ಕೋಣೆ ಸಿಗಲಿಲ್ಲ. ಆ ಸೇವೆ ಬಹುಕಾಲ ನಡೆಯಲಿಲ್ಲ. ಸೆಮಿನಾರಿನಲ್ಲಿ ಎತ್ತಿದ ಪ್ರಶ್ನೆ ಬದುಕಿನುದ್ದಕ್ಕೂ ನಡೆಯಿತು. ವಿದ್ಯಾರ್ಥಿಯೊಬ್ಬ ಯಾಕೆ ಓದಲು ಬಂದ ಎಂಬುದನ್ನು ಕರಾರುಪತ್ರ ಹೇಳಲಾರದು.

ಮೇಜಿನ ಮುಂದೆ ತಲೆ ತಗ್ಗಿಸಿದ ಆ ಹುಡುಗಿ ಒಂದು ವರ್ಷ ಹೆಚ್ಚು ಮಾತಾಡಲಿಲ್ಲ. ಎರಡನೇ ವರ್ಷ ನನ್ನ ಶಾಸನಶಾಸ್ತ್ರದ ಕ್ಲಾಸು ಮುಗಿದ ಮೇಲೆ ಕಾರಿಡಾರಿನಲ್ಲಿ ಬಂದು ನಿಂತಳು. 'ಸಾರ್, ನಮ್ಮೂರ ಕೆರೆ ಏರಿ ಮೇಲೆ ಒಂದು ಕಲ್ಲಿದೆ. ದೇವರು ಅಂತ ಎಣ್ಣೆ ಹಚ್ತಾರೆ. ಅದರಲ್ಲಿ ಅಕ್ಷರ ಐತೆ. ಏನು ಬರ್ದಿರಬಹುದು?' ಬಿ.ಎಲ್. ರೈಸ್ ಅವರು ಶುರುಮಾಡಿದ ಎಪಿಗ್ರಾಫಿಯಾ ಕರ್ನಾಟಿಕದಲ್ಲಿ ಶಾಸನಗಳನ್ನು ತಾಲ್ಲೂಕುವಾರು ಕೊಟ್ಟಿದ್ದಾರೆ. ಗ್ರಂಥಾಲಯದಲ್ಲಿ ಕೂತು ಅವಳ ತಾಲ್ಲೂಕಿನ ಪುಟ ತಿರುವಿದೆವು. ಊರಿನ ಹೆಸರು ಸಿಕ್ಕಿತು, ಆ ಕಲ್ಲು ಸಿಗಲಿಲ್ಲ. 'ನಂಗೂ ಗೊತ್ತಿಲ್ಲಮ್ಮ, ಪಡಿಯಚ್ಚು ತೆಗೆದು ನೋಡೋಣ' ಎಂದೆ. ಅವಳ ಮುಖದಲ್ಲಿ ಬೆಳಕು ಹೊಳೆದದ್ದು ಆಗ. ಮೇಷ್ಟ್ರಿಗೂ ಗೊತ್ತಿಲ್ಲದ್ದೊಂದು ತನ್ನ ಊರಿನಲ್ಲಿದೆ ಎಂಬುದು ಅವಳಿಗೆ ಹೊಸ ಸುದ್ದಿ. ಇತಿಹಾಸವೇ ಯಾಕೆ ಎಂಬುದಕ್ಕೆ ಅವಳು ಕೊಟ್ಟ ಉತ್ತರ ಅದು. ಒಂದು ವರ್ಷ ತಡವಾಗಿ, ಪ್ರಶ್ನೆಯ ರೂಪದಲ್ಲಿ.

ಎಲ್ಲರಿಗೂ ಹಾಗೆ ಆಗುವುದಿಲ್ಲ, ಬಲ್ಲೆ. ಸೇರಿದವರಲ್ಲಿ ಎಷ್ಟೋ ಜನ ಹೇಗೆ ಬಂದರೋ ಹಾಗೆಯೇ ಹೋಗುತ್ತಾರೆ, ಕೈಯಲ್ಲಿ ಇನ್ನೊಂದು ಅಂಕಪಟ್ಟಿ ಹಿಡಿದು. ಅದರ ತಪ್ಪನ್ನು ಪ್ರವೇಶದ ಬಾಗಿಲಿಗೆ ಹೊರಿಸುವುದು ಸುಲಭ: ಆಸಕ್ತಿ ಇಲ್ಲದವರನ್ನು ತುಂಬಿಕೊಂಡರೆ ಇನ್ನೇನಾಗುತ್ತದೆ ಎಂದುಬಿಟ್ಟರಾಯಿತು. ಆದರೆ ಒಳಗೆ ಏನಿದೆ ಎಂದೂ ನೋಡಬೇಕು. ಕಾಯಂ ಅಧ್ಯಾಪಕರ ಹುದ್ದೆಗಳು ಖಾಲಿ ಬಿದ್ದು, ಮುಂದಿನ ವರ್ಷ ತಾವಿರುತ್ತೇವೋ ಇಲ್ಲವೋ ತಿಳಿಯದ ಅತಿಥಿ ಉಪನ್ಯಾಸಕರ ಮೇಲೆ ನಡೆಯುವ ವಿಭಾಗಗಳಿವೆ. ಪ್ರವೇಶವೇ ತಡವಾಗಿ ಶುರುವಾಗಿ, ಸೆಮಿಸ್ಟರು ಕಣ್ಣುಮುಚ್ಚಿ ತೆರೆಯುವುದರೊಳಗೆ ಪರೀಕ್ಷೆಗೆ ಬಂದು ನಿಲ್ಲುವುದಿದೆ. ಡಿಗ್ರಿಯ ನೋಟ್ಸನ್ನೇ ಇನ್ನಷ್ಟು ಉದ್ದ ಮಾಡಿ ಬರೆಸುವವರಿದ್ದಾರೆ. ಕೊನೆಯ ಸೆಮಿಸ್ಟರಿನ ಕಿರುಪ್ರಬಂಧವನ್ನು ಹಳೆಯದೊಂದರಿಂದ ನಕಲು ಮಾಡಿಸಿ ಬೈಂಡ್ ಹಾಕಿಸಿಕೊಡುವ ಅಂಗಡಿಗಳಿವೆ. ಅದನ್ನು ತೂಕ ನೋಡಿ ಅಂಕ ಹಾಕುವ ನಾವೂ ಇದ್ದೇವೆ. ಪಿಪ್ಪಲಾದರು ಒಂದು ವರ್ಷ ಇರಿ ಎಂದಾಗ ತಾವೂ ಅಲ್ಲಿದ್ದರು. ಬಾಗಿಲಲ್ಲಿ ಕಾರಣ ಕೇಳದೆ ಸೇರಿಸಿಕೊಳ್ಳುವ ವಿಶ್ವವಿದ್ಯಾಲಯದ ಹೊಣೆ ಕಾರಣ ಕೇಳಿ ಸೇರಿಸಿಕೊಳ್ಳುವುದಕ್ಕಿಂತ ಹೆಚ್ಚಿನದು. ಕೇಳಿ ಸೇರಿಸಿಕೊಂಡವರು ಹಂಬಲವನ್ನು ಮನೆಯಿಂದಲೇ ತಂದಿರುತ್ತಾರೆ ಎಂದಾದರೂ ಅಂದುಕೊಳ್ಳಬಹುದು. ಕೇಳದೆ ಸೇರಿಸಿಕೊಂಡವರಲ್ಲಿ ಅದನ್ನು ಹುಟ್ಟಿಸುವುದು ನಮ್ಮ ಕೆಲಸ.

ಹಾಗಾಗಿ ಅರ್ಜಿ ಈಗಿರುವಂತೆಯೇ ಇರಲಿ. ಯಾಕೆ ಓದುತ್ತೀ ಎಂದು ಅದು ಕೇಳದಿರಲಿ. ಕಲಿಯುವ ಆಸೆಗೆ ಕಲಿಯುವ ಮೊದಲೇ ಪುರಾವೆ ಕೇಳುವುದು ಅನ್ಯಾಯ. ಆ ಪ್ರಶ್ನೆಗೆ ಜಾಗವಿರುವುದು ಮೊದಲ ವರ್ಷ ಕಳೆದ ಮೇಲೆ, ಕಿರುಪ್ರಬಂಧದ ವಿಷಯ ಆರಿಸುವ ಹೊತ್ತಿನಲ್ಲಿ, ಒಬ್ಬೊಬ್ಬರನ್ನೇ ಕೂರಿಸಿಕೊಂಡು, ಅಂಕದ ಭಯವಿಲ್ಲದೆ: ನಿನಗೆ ತಿಳಿಯಬೇಕು ಅನ್ನಿಸಿರುವುದು ಏನು? ಅಧ್ಯಾಪಕರು ಈ ಒಂದು ಪ್ರಶ್ನೆಯನ್ನು ಮರೆಯದಿದ್ದರೆ ಸಾಕು. ನಿಮ್ಮ ಮನೆಯಲ್ಲೂ ಡಿಗ್ರಿ ಮುಗಿಸಿದ ಮಗಳೋ ಮಗನೋ ಈ ವರ್ಷ ಅರ್ಜಿ ಹಾಕುತ್ತಿದ್ದರೆ, 'ಅದನ್ನು ಓದಿ ಏನು ಮಾಡ್ತೀಯ' ಎಂದು ಕೇಳುವ ಮುನ್ನ ಸ್ವಲ್ಪ ತಡೆಯಿರಿ. ಉತ್ತರ ಅವರ ಬಳಿ ಇಲ್ಲದಿರಬಹುದು. ಆದಾಯ ಪತ್ರ ಮಾಡಿಸಿಕೊಡಿ, ಫೀಸು ಕಟ್ಟಿ, ಎರಡು ವರ್ಷ ಬಿಡಿ.